ಮಷೀನ್ ಮೇಲಿರುವ ಕೂಸು: ನಿಲ್ಲಿಸುವ ತೀರ್ಮಾನ ಯಾರದು, ಹೇಗೆ?

2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ವಾಸಿಯಾಗುವ ಭರವಸೆಯೇ ಉಳಿಯದ, ವೆಂಟಿಲೇಟರಿನಂಥ ಯಂತ್ರದ ಬಲದಿಂದ ಮಾತ್ರ ಉಸಿರಾಡುತ್ತಿರುವ ರೋಗಿಗೆ ಆ ಚಿಕಿತ್ಸೆ ನಿಲ್ಲಿಸುವುದಾದರೆ ಆಸ್ಪತ್ರೆ ಯಾವ ಕ್ರಮ ಪಾಲಿಸಬೇಕು ಎಂಬುದು ಅದರ ವಿಷಯ. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ 2023ರಲ್ಲಿ ಸರಳಗೊಳಿಸಿದ್ದನ್ನು ಜಿಲ್ಲೆಗಳಿಗೆ ಇಳಿಸುವ ಕೆಲಸ ಅದು. ನಮ್ಮ ಬಳ್ಳಾರಿ ಕಡೆಯ ಮಂದಿಯ ಬಾಯಲ್ಲಿ ಅದು ಬೇರೆಯೇ ಆಯಿತು. "ಇನ್ನ ಮ್ಯಾಲೆ ಬಡವರ ಮಕ್ಕಳಿಗೆ ಮಷೀನ್ ಹಾಕಂಗಿಲ್ಲಂತ. ಹಾಕಿದ್ರೂ ಕಿತ್ತು ಬೆಡ್ ಖಾಲಿ ಮಾಡ್ತಾರಂತ."

ಈ ಮಾತನ್ನು ತಿಳಿಯದವರ ಗಾಬರಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಸುತ್ತೋಲೆ ಬರುವುದಕ್ಕೆ ಎರಡೇ ತಿಂಗಳ ಹಿಂದೆ, 2024ರ ನವೆಂಬರಿನಲ್ಲಿ, ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಅವರಿಗೆ ಹಾಕಿದ ಡ್ರಿಪ್ ದ್ರಾವಣದ ಮೇಲೆ ಸಂಶಯ ಬಂದು ರಾಜ್ಯವೇ ಅದರ ಬಳಕೆ ನಿಲ್ಲಿಸಿತ್ತು. ಅಂಥ ಊರಿನಲ್ಲಿ "ಜೀವರಕ್ಷಕ ಯಂತ್ರ ನಿಲ್ಲಿಸಲು ಸರ್ಕಾರದ ಅನುಮತಿ" ಎಂಬ ಸುದ್ದಿ ಕೇಳಿದರೆ ತಾಯಂದಿರಿಗೆ ಎದೆ ಧಸಕ್ಕೆನ್ನುವುದು ಸಹಜ. ಅದರಲ್ಲೂ ಮಾತು ಮಕ್ಕಳದ್ದಾದಾಗ ಯಾವ ವಾದವೂ ಕಿವಿಗೆ ಹೋಗುವುದಿಲ್ಲ. ಎಂಬತ್ತು ವರ್ಷ ಬಾಳಿದ ಅಜ್ಜನಿಗೆ "ಸಾಕು, ಇನ್ನ ಯಂತ್ರ ಬ್ಯಾಡ" ಅನ್ನುವವರೂ ಆರು ತಿಂಗಳ ಕೂಸಿನ ಮುಂದೆ ನಿಂತಾಗ ಮಾತು ಕಳೆದುಕೊಳ್ಳುತ್ತಾರೆ.

ಆದ್ದರಿಂದ ಮೊದಲು ಆ ಮಷೀನು ಏನು ಮಾಡುತ್ತದೆ ಎಂದು ನೋಡೋಣ. ವೆಂಟಿಲೇಟರ್ ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ. ಗಂಟಲಿಗೆ ಇಳಿಸಿದ ಕೊಳವೆಯ ಮೂಲಕ ಗಾಳಿಯನ್ನು ಒತ್ತಿ ಶ್ವಾಸಕೋಶ ತುಂಬಿಸುತ್ತದೆ, ಆ ಹೊತ್ತಿನಲ್ಲಿ ಔಷಧ ಮತ್ತು ದೇಹ ತಮ್ಮ ಕೆಲಸ ಮಾಡಿಕೊಳ್ಳಲು ಕಾಲ ಒದಗಿಸುತ್ತದೆ. ಗೊನೆಯ ಭಾರಕ್ಕೆ ಬಾಗಿದ ಬಾಳೆಗೆ ಕಂಪ್ಲಿ ಕಡೆಯ ರೈತರು ಊರುಗೋಲು ಕೊಡುತ್ತಾರಲ್ಲ, ಹಾಗೆ. ಬೇರು ಗಟ್ಟಿಯಿದ್ದರೆ ಕೋಲು ಗಿಡವನ್ನು ಉಳಿಸುತ್ತದೆ. ಬೇರೇ ಕೊಳೆತಿದ್ದರೆ ಕೋಲು ಗಿಡವನ್ನು ನಿಲ್ಲಿಸಿ ಇಟ್ಟೀತು, ಚಿಗುರಿಸಲಾರದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬೇರು ಕೊಳೆತಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಂಡಷ್ಟಕ್ಕೇ ತಿಳಿಯುವುದಿಲ್ಲ. ಸಿಂಧನೂರು, ಗಂಗಾವತಿಯ ಗದ್ದೆ ಬಯಲಿನಲ್ಲಿ, ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದ ಮಗುವಿಗೆ ಕಟ್ಟು ಹಾವು ಕಚ್ಚುತ್ತದೆ ಎಂದುಕೊಳ್ಳಿ. ನೋವು ಕಡಿಮೆ, ಗಾಯ ಕಾಣುವುದೇ ಕಷ್ಟ. ಬೆಳಗಾಗುವಷ್ಟರಲ್ಲಿ ರೆಪ್ಪೆ ಇಳಿದಿರುತ್ತದೆ, ಕೈಕಾಲು ಬಿದ್ದಿರುತ್ತವೆ, ಉಸಿರು ನಿಲ್ಲುತ್ತಿರುತ್ತದೆ. ವಿಷ ಹೆಚ್ಚಾಗಿದ್ದರೆ ಕಣ್ಣಿಗೆ ಟಾರ್ಚ್ ಬಿಟ್ಟರೂ ಪಾಪೆ ಕುಗ್ಗುವುದಿಲ್ಲ. ನೋಡಿದವರು ಮೆದುಳೇ ಸತ್ತಿದೆ ಅಂದುಕೊಳ್ಳಬೇಕು, ಹಾಗಿರುತ್ತದೆ. ಆದರೆ ಅದು ನರ ಮತ್ತು ಸ್ನಾಯುಗಳ ಕೊಂಡಿ ಕಳಚಿದ ಸ್ಥಿತಿ ಮಾತ್ರ. ಸಮಯಕ್ಕೆ ಪ್ರತಿವಿಷ ಕೊಟ್ಟು, ಕೆಲವು ದಿನ ವೆಂಟಿಲೇಟರಿನ ಮೇಲಿಟ್ಟು ಕಾದರೆ ಅಂಥ ಮಗು ಎದ್ದು ಕೂತು ಅವ್ವನನ್ನು ಹುಡುಕುತ್ತದೆ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದ ಮಕ್ಕಳ ವಿಷಯದಲ್ಲೂ, ಜೋರಾದ ನ್ಯುಮೋನಿಯಾದಲ್ಲೂ ಹೀಗೆಯೇ. ಇಂಥ ಮಕ್ಕಳಿಗೆ ಯಂತ್ರವೇ ಪ್ರಾಣ. "ಎಷ್ಟು ದಿನ ಮಷೀನ್ ಮ್ಯಾಲಿಡ್ತೀರಿ, ತೆಗೀರಿ" ಎಂದು ನೆಂಟರು ಅವಸರ ಮಾಡಿದರೆ ವೈದ್ಯರು ಒಪ್ಪಲೇಬಾರದ ಸಂದರ್ಭ ಇದು.

ಇನ್ನೊಂದು ಬದಿಯಲ್ಲಿ ಬೇರೆಯೇ ಮಕ್ಕಳಿದ್ದಾರೆ. ಎಲ್ಲ ಚಿಕಿತ್ಸೆಯೂ ಮುಗಿದ ಮೇಲೆ ಮರಳಿ ಬಂದ ರಕ್ತದ ಕ್ಯಾನ್ಸರ್, ಮೆದುಳು ದಿನೇ ದಿನೇ ಸವೆಯುತ್ತ ಹೋಗುವ ವಂಶವಾಹಿ ಕಾಯಿಲೆಗಳು, ಬಾವಿಗೆ ಬಿದ್ದು ಬಹಳ ಹೊತ್ತು ಉಸಿರಿಲ್ಲದೆ ಮೆದುಳು ಪೂರ್ತಿ ನಾಶವಾದ ಮಗು. ನಮ್ಮ ಭಾಗದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಗಟ್ಟಿಯಾಗಿರುವುದರಿಂದ ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇರುತ್ತದೆ. ಈ ಪಟ್ಟಿ ಎಂದೆಂದಿಗೂ ಒಂದೇ ರೀತಿ ಇರುವುದೂ ಇಲ್ಲ. ಸ್ನಾಯುಗಳು ಸೋಲುತ್ತ ಹೋಗುವ ಎಸ್‌ಎಂಎ ಕಾಯಿಲೆಯ ತೀವ್ರ ರೂಪ ಬಂದ ಮಗು ಎರಡು ವರ್ಷ ದಾಟುವುದು ಅಪರೂಪ ಎನ್ನುತ್ತಿದ್ದ ಕಾಲವಿತ್ತು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಂದೇ ಡೋಸಿನ ವಂಶವಾಹಿ ಚಿಕಿತ್ಸೆ, ಸುಮಾರು 16 ಕೋಟಿ ರೂಪಾಯಿಯ ಆ ಇಂಜೆಕ್ಷನ್, ಅದನ್ನು ಬದಲಿಸಿತು. ಅದಕ್ಕಾಗಿ ಮೊಬೈಲಿನಲ್ಲಿ ಹಣ ಬೇಡುವ ತಂದೆ ತಾಯಿಯರ ವಿಡಿಯೊಗಳನ್ನು ಎಲ್ಲರೂ ನೋಡಿದ್ದೇವೆ. ನಿನ್ನೆ ಭರವಸೆ ಇಲ್ಲದ ಕಾಯಿಲೆಗೆ ಇವತ್ತು ಔಷಧ ಇರಬಹುದು. "ಇನ್ನೇನೂ ಮಾಡಲಾಗದು" ಎಂಬ ಮಾತನ್ನು ಒಬ್ಬರೇ ವೈದ್ಯರು, ಒಂದೇ ದಿನದಲ್ಲಿ ಹೇಳಿ ಮುಗಿಸಬಾರದು ಎನ್ನುವುದು ಇದಕ್ಕಾಗಿಯೇ.

ಕಾನೂನು ನಿಂತಿರುವುದೂ ಈ ತತ್ವದ ಮೇಲೆಯೇ. ಅದು ನಮ್ಮಲ್ಲಿ ರೂಪುಗೊಂಡ ಕಥೆಯಲ್ಲಿ ಕನ್ನಡ ನಾಡಿನ ಒಬ್ಬ ಹೆಣ್ಣುಮಗಳಿದ್ದಾಳೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ನೌಕರನೊಬ್ಬ ಅವರ ಕತ್ತಿಗೆ ನಾಯಿ ಸರಪಳಿ ಬಿಗಿದು ಹಲ್ಲೆ ನಡೆಸಿದ. ಮೆದುಳಿಗೆ ಪೆಟ್ಟಾಗಿ ಅವರು ಮತ್ತೆಂದೂ ಮೊದಲಿನಂತಾಗಲಿಲ್ಲ. ಅವರಿಗೆ ಉಣಿಸುವುದನ್ನು ನಿಲ್ಲಿಸಲು ಅನುಮತಿ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಬದುಕಿರಲಿ ಎಂದು ಹಟ ಹಿಡಿದವರು ವರ್ಷಗಟ್ಟಲೆ ಅವರ ಮೈ ಒರೆಸಿ, ಉಣಿಸಿ, ಒಂದು ಹುಣ್ಣೂ ಆಗದಂತೆ ಕಾಪಾಡಿದ ಆ ಆಸ್ಪತ್ರೆಯ ನರ್ಸ್‌ಗಳು. ಕೋರ್ಟು ಅವರ ಮಾತಿಗೆ ಬೆಲೆ ಕೊಟ್ಟಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ಬಾಗಿಲನ್ನೂ ತೆರೆಯಿತು. ಅರುಣಾ 2015ರ ಮೇ 18ರಂದು ತೀರಿಕೊಂಡರು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 'ಕಾಮನ್ ಕಾಸ್' ಪ್ರಕರಣದಲ್ಲಿ ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಆಗ ಹಾಕಿಕೊಟ್ಟ ಕ್ರಮ ತೀರಾ ಬಿಗಿಯಾಗಿತ್ತು. ರೋಗಿಯ ಸ್ಥಿತಿ ಪರಿಶೀಲಿಸುವ ವೈದ್ಯರ ಎರಡು ಮಂಡಳಿಗಳಲ್ಲಿ ಎರಡನೆಯದನ್ನು ಜಿಲ್ಲಾಧಿಕಾರಿಯೇ ರಚಿಸಬೇಕು, ಮ್ಯಾಜಿಸ್ಟ್ರೇಟರು ಖುದ್ದು ಬಂದು ರೋಗಿಯನ್ನು ನೋಡಬೇಕು. ನಡೆಯುವ ಮಾತಲ್ಲ ಎಂದು ವೈದ್ಯರು ಹೇಳಿದ್ದರಿಂದ 2023ರ ಜನವರಿ 24ರಂದು ಅದನ್ನು ಹಗುರಗೊಳಿಸಲಾಯಿತು. ಈಗಿನ ಕ್ರಮದಲ್ಲಿ ಮೊದಲ ಮಂಡಳಿಯಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜೊತೆ ಆ ಕ್ಷೇತ್ರದಲ್ಲಿ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು ಇರುತ್ತಾರೆ. ಎರಡನೆಯದರಲ್ಲಿ ಮೊದಲನೆಯದಕ್ಕೆ ಸೇರದ ಇಬ್ಬರು ತಜ್ಞರು, ಜೊತೆಗೆ ಜಿಲ್ಲಾ ಆರೋಗ್ಯ ಆಡಳಿತದ ಕಡೆಯಿಂದ ನೇಮಕವಾದ ಒಬ್ಬ ವೈದ್ಯರು. ಕರ್ನಾಟಕದಲ್ಲಿ ಆ ನೇಮಕ ಮಾಡುವವರು ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ. ಎರಡೂ ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ ತಲಾ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಬೇಕು. ಯಂತ್ರ ನಿಲ್ಲಿಸುವ ಮುನ್ನ ಆ ತೀರ್ಮಾನವನ್ನು ಮೊದಲ ದರ್ಜೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು.

ಅಂದರೆ "ಬೆಡ್ ಖಾಲಿ ಮಾಡ್ತಾರಂತ" ಎಂಬ ಭಯಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಕನಿಷ್ಠ ಆರು ವೈದ್ಯರು ಒಂದೇ ಮಾತು ಹೇಳಬೇಕು, ಅಷ್ಟಾದರೂ ಮನೆಯವರು ಒಪ್ಪದೆ ಈ ದಾರಿಯಲ್ಲಿ ಮುಂದೆ ಹೋಗುವಂತಿಲ್ಲ. ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವುದು ಈಗಲೂ ನಮ್ಮ ದೇಶದಲ್ಲಿ ಅಪರಾಧವೇ. ಇಲ್ಲಿ ಅನುಮತಿ ಇರುವುದು ಇಷ್ಟಕ್ಕೆ ಮಾತ್ರ: ಫಲ ಕೊಡದ ಚಿಕಿತ್ಸೆಯನ್ನು ನಿಲ್ಲಿಸುವುದು, ಅಥವಾ ಮೊದಲಿಗೇ ಹಾಕದಿರುವುದು, ಆಮೇಲೆ ರೋಗ ತನ್ನ ದಾರಿಯಲ್ಲಿ ಹೋಗಲು ಬಿಡುವುದು. ಮೆದುಳು ಸತ್ತ ಸ್ಥಿತಿ ಇನ್ನೊಂದೇ ವಿಷಯ. ಅಂಗದಾನದ ಸಂದರ್ಭದಲ್ಲಿ ಅದನ್ನು ಖಚಿತಪಡಿಸಲು 1994ರ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ಎಳೆಯ ಮಕ್ಕಳಲ್ಲಿ ಈ ಅಂತರ ಇನ್ನೂ ಹೆಚ್ಚಿರಬೇಕು ಎನ್ನುತ್ತಾರೆ ಮಕ್ಕಳ ತಜ್ಞರು.

ಮಕ್ಕಳ ವಿಷಯಕ್ಕೆ ಬಂದರೆ ಈ ತೀರ್ಪುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಅವುಗಳ ಬಹುಪಾಲು ಮಾತು ವಯಸ್ಕರ ಸುತ್ತ ಇದೆ. "ಮುಂದೆ ನನಗೆ ಹೀಗಾದರೆ ಯಂತ್ರ ಹಾಕಬೇಡಿ" ಎಂದು ಮೊದಲೇ ಬರೆದಿಡುವ ಅವಕಾಶ ಇರುವುದು ಸ್ವಸ್ಥ ಮನಸ್ಸಿನ ವಯಸ್ಕರಿಗೆ ಮಾತ್ರ. ಕೊಪ್ಪಳದ ಬೆಟ್ಟಗಳಲ್ಲಿ ಅಡ್ಡಾಡಿದವರಿಗೆ ಗೊತ್ತು, ಹಳೆಯ ಕೊಪಣ ಜೈನರ ಮಹಾತೀರ್ಥವಾಗಿತ್ತು. ಉಪವಾಸದ ವ್ರತ ಹಿಡಿದು ದೇಹ ಬಿಟ್ಟವರ ನಿಸಿದಿ ಶಾಸನಗಳು ಅಲ್ಲಿವೆ. ಸಾವನ್ನು ತಾನಾಗಿ, ತಿಳಿದು ಬರಮಾಡಿಕೊಂಡವರಿಗೆ ನಮ್ಮ ನೆಲ ಗೌರವ ಕೊಟ್ಟಿದೆ. ಆದರೆ ಆ ಗೌರವದ ತಳದಲ್ಲಿರುವುದು ಅವರ ಸ್ವಂತ ನಿರ್ಧಾರ. ಕೂಸಿಗೆ ಅಂಥ ನಿರ್ಧಾರವೇ ಇಲ್ಲ. ಅದರ ಬದಲಿಗೆ ಬೇರೆಯವರು ತೀರ್ಮಾನಿಸಬೇಕು, ಮತ್ತು ಹಾಗೆ ತೀರ್ಮಾನಿಸುವವರು ತಮ್ಮ ದುಃಖ, ತಮ್ಮ ಸಾಲ, ತಮ್ಮ ಆಸೆ ಎಲ್ಲವನ್ನೂ ಬದಿಗಿಟ್ಟು ಈ ಮಗುವಿಗೆ ಈಗ ಏನು ಒಳ್ಳೆಯದು ಎಂದು ಕೇಳಿಕೊಳ್ಳಬೇಕು. ಹೆತ್ತವರಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಮಗುವಾದರೆ ಅದರ ಮಾತನ್ನೂ ಕೇಳಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಮಗುವಿಗೆ ತನ್ನ ದೇಹದ ಬಗ್ಗೆ ಗೊತ್ತಿರುವಷ್ಟು ಹೊರಗೆ ಕೂತ ದೊಡ್ಡವರಿಗೆ ಗೊತ್ತಿರುವುದಿಲ್ಲ.

ಹೆತ್ತವರು ಒಂದು ಹೇಳಿ, ವೈದ್ಯರು ಇನ್ನೊಂದು ಹೇಳಿದರೆ? ಜಗತ್ತಿನ ಗಮನ ಸೆಳೆದ ವಿವಾದಗಳೆಲ್ಲ ಹುಟ್ಟಿದ್ದು ಇಲ್ಲಿಯೇ.

ಲಂಡನ್ನಿನ ಚಾರ್ಲಿ ಗಾರ್ಡ್ 2016ರ ಆಗಸ್ಟಿನಲ್ಲಿ ಹುಟ್ಟಿದ ಗಂಡುಮಗು. ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳನ್ನೇ ಬರಿದು ಮಾಡುವ ಅತಿ ವಿರಳ ವಂಶವಾಹಿ ಕಾಯಿಲೆ. ಕೆಲವೇ ತಿಂಗಳಲ್ಲಿ ಮಗುವಿಗೆ ಕೈಕಾಲು ಆಡಿಸಲಾಗಲಿಲ್ಲ, ತಾನಾಗಿ ಉಸಿರಾಡಲಾಗಲಿಲ್ಲ. ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ವೈದ್ಯರು ಮೆದುಳಿಗೆ ಆದ ಹಾನಿ ಮರಳುವಂಥದ್ದಲ್ಲ, ಯಂತ್ರ ನಿಲ್ಲಿಸೋಣ ಎಂದರು. ಅಮೆರಿಕದಲ್ಲಿ ಒಂದು ಪ್ರಾಯೋಗಿಕ ಔಷಧ ಇದೆ, ನಮಗೆ ಒಂದು ಅವಕಾಶ ಕೊಡಿ ಎಂದರು ಹೆತ್ತವರು. ಜನ ಅವರಿಗೆ 13 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಅಲ್ಲಿ ಹಣದ ಪ್ರಶ್ನೆಯೇ ಇರಲಿಲ್ಲ ಎನ್ನುವುದನ್ನು ಗಮನಿಸಿ. 2017ರ ಏಪ್ರಿಲಿನಲ್ಲಿ ಹೈಕೋರ್ಟ್ ಆಸ್ಪತ್ರೆಯ ಪರವಾಗಿ ತೀರ್ಪು ಕೊಟ್ಟಿತು. ಮೇಲ್ಮನವಿ ಕೋರ್ಟು, ಸುಪ್ರೀಂ ಕೋರ್ಟು, ಕೊನೆಗೆ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಎಲ್ಲವೂ ಅದನ್ನೇ ಉಳಿಸಿದವು. ಪೋಪ್ ಮರುಗಿದರು, ಅಮೆರಿಕದ ಅಧ್ಯಕ್ಷರು ನೆರವಿಗೆ ಸಿದ್ಧ ಎಂದರು, ಬೀದಿಯಲ್ಲಿ ಘೋಷಣೆಗಳು ಮೊಳಗಿದವು, ಆಸ್ಪತ್ರೆಯ ಸಿಬ್ಬಂದಿಗೆ ಕೊಲೆ ಬೆದರಿಕೆಗಳು ಬಂದವು. ಜುಲೈನಲ್ಲಿ ಅಮೆರಿಕದ ಆ ತಜ್ಞರೇ ಬಂದು ನೋಡಿದರು, ಹೊಸದಾಗಿ ಸ್ಕ್ಯಾನ್ ಆಯಿತು. ಸ್ನಾಯುಗಳಿಗಾದ ಹಾನಿ ಸರಿಪಡಿಸುವ ಹಂತ ದಾಟಿತ್ತು. ಹೆತ್ತವರೇ ಹೋರಾಟ ಕೈಬಿಟ್ಟರು. ಜುಲೈ 28ರಂದು, ಮೊದಲ ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ, ಚಾರ್ಲಿ ತೀರಿಕೊಂಡ.

ಮರುವರ್ಷ ಲಿವರ್‌ಪೂಲಿನಲ್ಲಿ ಆಲ್ಫಿ ಇವಾನ್ಸ್ ಎಂಬ ಮಗುವಿನ ವಿಷಯದಲ್ಲೂ ಇದೇ ನಡೆಯಿತು. ಇಟಲಿ ಆ ಮಗುವಿಗೆ ತನ್ನ ಪೌರತ್ವ ಕೊಟ್ಟು ಕರೆಸಿಕೊಳ್ಳಲು ನೋಡಿತು, ಗುಂಪೊಂದು ಆಸ್ಪತ್ರೆಯ ಬಾಗಿಲಿಗೇ ನುಗ್ಗಲು ಹೋಯಿತು. 2018ರ ಏಪ್ರಿಲ್ 23ರಂದು ವೆಂಟಿಲೇಟರ್ ತೆಗೆದ ಮೇಲೂ ಮಗು ಐದು ದಿನ ತಾನಾಗಿ ಉಸಿರಾಡಿತು. "ನೋಡಿ, ವೈದ್ಯರು ಸುಳ್ಳು ಹೇಳಿದರು" ಎಂದು ಹೊರಗಿನ ಜನ ಕೂಗಿದರು. ಯಂತ್ರ ತೆಗೆದ ಮಗು ಕೆಲವು ನಿಮಿಷವೂ ಇರಬಹುದು, ಕೆಲವು ದಿನವೂ ಇರಬಹುದು. ಅದರಿಂದ ರೋಗದ ಗುಣವೇನೂ ಬದಲಾಗುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಉಸಿರಾಡುವ ಒಂದೊಂದು ಗಂಟೆಯೂ ಹೆತ್ತವರಿಗೆ ಹೊಸ ಸಂಶಯವಾಗುತ್ತದೆ.

ಬ್ರಿಟನ್ನಿನ ಕೋರ್ಟುಗಳು ಅಲ್ಲಿ ಕೇಳಿದ ಪ್ರಶ್ನೆ ಸರಿಯಾದದ್ದು ಎಂದು ನನಗನಿಸುತ್ತದೆ. ಮಗು ಹೆತ್ತವರ ಸೊತ್ತೂ ಅಲ್ಲ, ಆಸ್ಪತ್ರೆಯ ಕೇಸೂ ಅಲ್ಲ. ಅದರ ಹಿತವೇ ಮೇಲು. ಆದರೆ ಎಲ್ಲ ದೇಶದವರೂ ಹೀಗೆಯೇ ಯೋಚಿಸುವುದಿಲ್ಲ. ತಿಂಗಳುಗಟ್ಟಲೆ ವಕೀಲರ ಬಾಯಿಂದಲೇ ಮಾತಾಡಿಕೊಂಡ ಹೆತ್ತವರು ಮತ್ತು ವೈದ್ಯರು ಆ ಮಗುವಿನ ಹಾಸಿಗೆಯ ಎರಡು ಬದಿಗೆ ಶತ್ರುಗಳಂತೆ ನಿಂತದ್ದು ಆ ಕಥೆಯ ದೊಡ್ಡ ನೋವು. ಚಾರ್ಲಿಯ ಹೆತ್ತವರ ಕೊನೆಯ ಕೋರಿಕೆ ಮಗನನ್ನು ಮನೆಗೆ ಕರೆದೊಯ್ದು ಅಲ್ಲಿ ಬೀಳ್ಕೊಡುವುದಾಗಿತ್ತು. ಮನೆಯಲ್ಲಿ ವೆಂಟಿಲೇಟರ್ ನಿಭಾಯಿಸುವುದು ಕಷ್ಟ ಎಂದು ಅದೂ ಆಗಲಿಲ್ಲ.

ಈ ಕಡೆಯ ಓದುಗರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಂದ ಶುರುವಾಗುತ್ತದೆ. ಅಲ್ಲಿನ ಜಗಳ ಹೆತ್ತವರು "ಬೇಡ" ಎಂದರೂ ಯಂತ್ರ ತೆಗೆಯಬಹುದೇ ಎಂಬುದರ ಬಗ್ಗೆ. ನಮ್ಮ ಜಿಲ್ಲೆಗಳಲ್ಲಿ ಮಕ್ಕಳ ಯಂತ್ರ ಕಳಚುವುದು ಬೇರೆ ರೀತಿಯಲ್ಲಿ, ಯಾವ ಮಂಡಳಿಯೂ ಕೂರದೆ, ಯಾವ ಕೋರ್ಟಿಗೂ ತಿಳಿಯದೆ, ಯಾರೂ ತೀರ್ಮಾನಿಸಿದಂತೆ ಕಾಣದೆ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ, ಎರಡು ಎಕರೆ ಹೊಲ, ಮೂರು ವರ್ಷದ ಮಗುವಿಗೆ ಮೆದುಳಿನ ಕಾಯಿಲೆ. ಮೊದಲು ತಾಲ್ಲೂಕು ಆಸ್ಪತ್ರೆ, ಆಮೇಲೆ ರಾಯಚೂರಿನ ರಿಮ್ಸ್, ಅಲ್ಲಿಂದ ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆ. ಬಳ್ಳಾರಿಯವರಾಗಿದ್ದರೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ 300 ಕಿಲೋಮೀಟರ್ ದೂರದ ಬೆಂಗಳೂರು, ಕೊಪ್ಪಳದವರಾಗಿದ್ದರೆ ಹುಬ್ಬಳ್ಳಿ. ಆಯುಷ್ಮಾನ್ ಕಾರ್ಡಿನಲ್ಲಿ ಬರುವ ಐದು ಲಕ್ಷ ಎಲ್ಲ ಕಡೆಯೂ ನಡೆಯುವುದಿಲ್ಲ, ನಡೆದ ಕಡೆಯೂ ಐಸಿಯು ಬಿಲ್ಲಿನ ಮುಂದೆ ಬಹಳ ದಿನ ನಿಲ್ಲುವುದಿಲ್ಲ. ಬಂಗಾರ ಅಡವಿಟ್ಟಾಯಿತು, ಎತ್ತು ಮಾರಿದ್ದಾಯಿತು. ಒಂದು ಸಂಜೆ ವೈದ್ಯರು ತಂದೆಯನ್ನು ಬದಿಗೆ ಕರೆದು ಹೇಳುತ್ತಾರೆ: "ನೋಡಪ್ಪಾ, ಇನ್ನ ನಮ್ಮ ಕೈಯಾಗ ಏನೂ ಇಲ್ಲ. ಮನೀಗೆ ಕರಕೊಂಡು ಹೋಗ್ತೀನಂದ್ರ ಹೋಗು." ಅವನ ಮುಂದೆ ಒಂದು ಕಾಗದ ಬರುತ್ತದೆ. ಅದರಲ್ಲಿ ಬರೆದಿರುವುದು: ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಇಚ್ಛೆಯಿಂದ, ಮುಂದಾಗುವುದಕ್ಕೆ ನಾವೇ ಜವಾಬ್ದಾರರೆಂದು ಒಪ್ಪಿ ಕರೆದೊಯ್ಯುತ್ತಿದ್ದೇವೆ. ಆಸ್ಪತ್ರೆಯವರ ಬಾಯಲ್ಲಿ ಇದರ ಹೆಸರು 'ಲಾಮಾ'.

ಇಲ್ಲಿ ಆದದ್ದೇನು ನೋಡಿ. ಸಲಹೆ ಕೊಟ್ಟವರು ವೈದ್ಯರು, ಆದರೆ ಕಾಗದದಲ್ಲಿ ಅದು ಸಲಹೆಗೆ ವಿರುದ್ಧ. ತೀರ್ಮಾನ ರೋಗದ್ದು, ಸಾಲದ್ದು, ಆದರೆ ಕಾಗದದಲ್ಲಿ ಅದು ತಂದೆಯ ಇಚ್ಛೆ. ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ರಬ್ಬರಿನ ಬ್ಯಾಗ್ ಒತ್ತುತ್ತ ಕೂಡುತ್ತಾನೆ, ಒತ್ತುವವರೆಗೆ ಉಸಿರು. ದಾರಿಯಲ್ಲಿ ಮಗು ಒದ್ದಾಡಿದರೆ ಕೊಡಲು ನೋವಿನ ಔಷಧ ಇಲ್ಲ, ಕೊಡಬಲ್ಲವರೂ ಇಲ್ಲ. ಊರ ಅಗಸಿ ಮುಟ್ಟಿ, ಅಂಗಳದಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿಸಿ, ಗಂಟಲ ಕೊಳವೆ ತೆಗೆಯುತ್ತಾರೆ. ಆಸ್ಪತ್ರೆಯ ದಾಖಲೆಯಲ್ಲಿ ಅದು ಡಿಸ್ಚಾರ್ಜ್, ಸಾವಲ್ಲ. ಹಾಗಾಗಿ ಇಂಥ ಮಕ್ಕಳ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಮನೆಗೆ ಒಯ್ಯುವ ಆಸೆಯಲ್ಲಿ ತಪ್ಪೇನೂ ಇಲ್ಲ. ಉಸಿರಿರುವಾಗಲೇ ಮನೆ ಮುಟ್ಟಬೇಕು, ಅಜ್ಜ ಅಜ್ಜಿ ಬಾಯಿಗೆ ನೀರು ಬಿಡಬೇಕು, ಸ್ವಂತ ಹೊಲದಲ್ಲಿ ಮಣ್ಣು ಮಾಡಬೇಕು ಎಂಬುದು ನಮ್ಮ ಜನರ ಆಳದ ನಂಬಿಕೆ. ಲಂಡನ್ನಿನ ಆ ತಂದೆ ತಾಯಿ ಬಯಸಿದ್ದೂ ಅದನ್ನೇ. ನನ್ನ ತಕರಾರು ಮನೆಯ ಬಗ್ಗೆ ಅಲ್ಲ, ಆ ಕಾಗದದ ಬಗ್ಗೆ. ಮಂಡಳಿ ಕೂರದ ಕಾರಣ, ಉಳಿಯಬಹುದಾಗಿದ್ದ ಮಗುವೂ ಹಣ ಮುಗಿದದ್ದಕ್ಕೇ ಈ ದಾರಿಯಲ್ಲಿ ಹೊರಟುಹೋಗಬಹುದು. ಕಟ್ಟು ಹಾವು ಕಚ್ಚಿದ ಮಗುವನ್ನು ಮೂರನೇ ದಿನಕ್ಕೆ ಬಿಡಿಸಿಕೊಂಡು ಹೋದರೆ ಏನಾಗುತ್ತದೆ ಎಂದು ಯೋಚಿಸಿ. ಇನ್ನು ನಿಜವಾಗಿಯೂ ಭರವಸೆ ಇಲ್ಲದ ಮಗುವಿನ ತಂದೆ ತನ್ನ ಸಹಿಯನ್ನು ಬದುಕಿಡೀ ಹೊತ್ತು ತಿರುಗುತ್ತಾನೆ. "ನಾನ ಮಷೀನ್ ತೆಗಿಸಿದೆ, ರೊಕ್ಕ ಇದ್ದಿದ್ರ ಉಳೀತಿದ್ದ" ಎಂದು ಎದೆ ಬಡಿದುಕೊಳ್ಳುವ ಗಂಡಸಿಗೆ, "ಇಲ್ಲಪ್ಪಾ, ಆರು ಮಂದಿ ಡಾಕ್ಟರು ಕೂಡಿ ನೋಡಿದ್ರು, ರೊಕ್ಕ ಇದ್ರೂ ಉಳೀತಿರಲಿಲ್ಲ" ಎಂದು ಹೇಳುವ ಕಾಗದ ಅವನ ಕೈಯಲ್ಲಿರಬೇಕಿತ್ತು. ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮದಿಂದ ಬಡವರಿಗೆ ಆಗಬಹುದಾದ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ. ಅದು ಸಾವನ್ನು ಸುಲಭ ಮಾಡುವುದಿಲ್ಲ, ಆ ಭಾರವನ್ನು ಒಬ್ಬನ ಹೆಗಲ ಮೇಲಿಂದ ಇಳಿಸುತ್ತದೆ.

ವೈದ್ಯರು ಈ ಕ್ರಮಕ್ಕೆ ಹೋಗದಿರುವುದಕ್ಕೂ ಕಾರಣಗಳಿವೆ. ಪೊಲೀಸ್ ಕೇಸಿನ ಭಯ, ಗುಂಪು ಬಂದು ಹೊಡೆಯುವ ಭಯ, ಸಣ್ಣ ಜಿಲ್ಲೆಯಲ್ಲಿ ಇಂಥ ಆರು ಮಂದಿ ವೈದ್ಯರನ್ನು ಎಲ್ಲಿಂದ ತರುವುದು ಎಂಬ ನಿಜವಾದ ತೊಡಕು. ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ಇದೇ ವಿಷಯದ ಕರಡು ಮಾರ್ಗಸೂಚಿ ಹೊರಡಿಸಿದಾಗ ಭಾರತೀಯ ವೈದ್ಯಕೀಯ ಸಂಘವೇ ಅದು ವೈದ್ಯರನ್ನು ಒತ್ತಡಕ್ಕೆ ತಳ್ಳುತ್ತದೆ ಎಂದು ಆಕ್ಷೇಪಿಸಿತ್ತು. ಆದರೆ ಮಕ್ಕಳ ವೈದ್ಯರ ಸಂಘಟನೆಯಾದ ಭಾರತೀಯ ಶಿಶುವೈದ್ಯ ಅಕಾಡೆಮಿ 2017ರಷ್ಟು ಹಿಂದೆಯೇ ಕೊನೆಗಾಲದ ಆರೈಕೆ ಹೇಗಿರಬೇಕು ಎಂದು ಒಮ್ಮತದ ಹೇಳಿಕೆ ಪ್ರಕಟಿಸಿದೆ. ದಾರಿ ಗೊತ್ತಿದೆ, ನಡೆಯುವವರಿಗೆ ರಕ್ಷಣೆ ಬೇಕು.

ಸರಿಯಾದ ಕ್ರಮದಲ್ಲಿ ಯಂತ್ರ ತೆಗೆಯುವುದು ಹೇಗಿರುತ್ತದೆ ಎಂದೂ ಹೇಳಬೇಕು, ಏಕೆಂದರೆ ಜನ ಹೆದರುವುದು ಅದಕ್ಕೇ. ಪ್ಲಗ್ ಕಿತ್ತು ಹೊರಗೆ ನಡೆಯುವುದಿಲ್ಲ. ಮೊದಲು ನೋವು ಮತ್ತು ಉಸಿರಾಟದ ಏದುಸಿರು ತಗ್ಗಿಸಲು ಮಾರ್ಫಿನ್‌ನಂಥ ಔಷಧ, ಗಾಬರಿ ತಗ್ಗಿಸಲು ಇನ್ನೊಂದು. ಬೀಪ್ ಅನ್ನುವ ಮಾನಿಟರುಗಳ ಸದ್ದು ನಿಲ್ಲಿಸುತ್ತಾರೆ, ಚುಚ್ಚುವ ರಕ್ತಪರೀಕ್ಷೆಗಳನ್ನೆಲ್ಲ ಬಿಡುತ್ತಾರೆ. ತಾಯಿ ಮಗುವನ್ನು ಮಡಿಲಲ್ಲಿ ಹಿಡಿಯಬಹುದು, ಬೇಕಾದವರನ್ನೆಲ್ಲ ಒಳಗೆ ಕರೆಯಬಹುದು, ವಿಭೂತಿಯೋ ತಾಯತವೋ ಅವರವರ ನಂಬಿಕೆಯಂತೆ ಕಟ್ಟಬಹುದು. ಆಮೇಲೆ ಕೊಳವೆ. ನೋವು ಬಂದರೆ ಮತ್ತೆ ಔಷಧ. ಯಂತ್ರ ನಿಂತರೂ ಆರೈಕೆ ನಿಲ್ಲುವಂತಿಲ್ಲ. ಮಾರ್ಫಿನ್ ಸಿಗುವುದು ಸರಳವಾಗಲೆಂದು ಮಾದಕವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿಯಾಗಿದೆ. ಈ ಆರೈಕೆ ಕಲಿತ ವೈದ್ಯರು, ನರ್ಸ್‌ಗಳು ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಇದ್ದರೆ ಮನೆಯಲ್ಲೇ ಬೀಳ್ಕೊಡಬೇಕು ಎನ್ನುವವರಿಗೂ ಔಷಧ ಕೊಟ್ಟು, ಕಲಿಸಿ ಕಳಿಸಬಹುದು. ಸುತ್ತೋಲೆ ಹೊರಡಿಸಿದ ಸರ್ಕಾರ ಈ ಅರ್ಧವನ್ನು ಮಾಡದಿದ್ದರೆ ಮಂಡಳಿ ಕಾಗದದ ಮೇಲೆಯೇ ಉಳಿಯುತ್ತದೆ.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಸಂಕಟ ಬಂದರೆ ವೈದ್ಯರನ್ನು ಧೈರ್ಯವಾಗಿ ಕೇಳಿ. ಡಾಕ್ಟ್ರ, ಇದು ಕಾಲ ಕೊಟ್ಟರೆ ಮರಳುವ ಕಾಯಿಲೆಯೋ, ಮರಳದ್ದೋ? ಇನ್ನೊಬ್ಬ ತಜ್ಞರು ನೋಡಿದ್ದಾರೋ? ಇವತ್ತು ಹೇಳಿದ್ದನ್ನೇ ಬರೆದುಕೊಡುತ್ತೀರೋ? ಕೂಸಿಗೆ ಈಗ ನೋವಾಗುತ್ತಿದೆಯೋ, ಆಗುತ್ತಿದ್ದರೆ ಏನು ಕೊಡುತ್ತಿದ್ದೀರಿ? ಲಾಮಾ ಕಾಗದ ಮುಂದಿಟ್ಟರೆ, ಸಹಿ ಮಾಡುವ ಮುನ್ನ ಮಂಡಳಿ ಕೂಡಿಸಿ ಎಂದು ಕೇಳಿ. ಅವಿದ್ಯಾವಂತರಿಗೆ ಇದು ಒಬ್ಬರಿಂದಾಗದ ಮಾತು. ಊರಿನ ಮೇಷ್ಟ್ರೋ ಆಶಾ ಕಾರ್ಯಕರ್ತೆಯೋ ಜೊತೆಗೆ ಹೋದರೆ ಆದೀತು. ಮಂಡಳಿಗಳು ಒಪ್ಪದಿದ್ದರೆ, ಅಥವಾ ತಮ್ಮತಮ್ಮಲ್ಲೇ ಬೇರೆ ಬೇರೆ ಹೇಳಿದರೆ, ಹೈಕೋರ್ಟಿಗೆ ಹೋಗುವ ದಾರಿ ಇದೆ. ಬಳ್ಳಾರಿ ಮತ್ತು ಕೊಪ್ಪಳದವರಿಗೆ ಅದು ಧಾರವಾಡದ ಪೀಠ, ರಾಯಚೂರಿನವರಿಗೆ ಕಲಬುರಗಿಯದು. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ ಮಕ್ಕಳಿಗೂ ಮಹಿಳೆಯರಿಗೂ ಉಚಿತ ವಕೀಲರು ಸಿಗುತ್ತಾರೆ. ಅರ್ಜಿ ಕೊಡಬೇಕಾದದ್ದು ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ.